ರೈಫಲ್ಲಿನ ಇನ್ನೊಂದು ಅರ್ಧ

ಇಂಗ್ಲೆಂಡಿನ ಹರಾಜು ಸಂಸ್ಥೆಗಳು ಹೊರತರುವ ಹಳೆಯ ಬೇಟೆ ರೈಫಲ್‌ಗಳ ಪಟ್ಟಿಗಳನ್ನು ಓದುವಾಗಲೆಲ್ಲ ಒಂದು ಸಂಗತಿ ನನ್ನನ್ನು ಕಾಡುತ್ತದೆ. ಹಿಡಿಯ ಅಕ್ರೋಟು ಮರದ ಎಳೆ ಹೇಗಿದೆ, ಉಕ್ಕಿನ ಮೇಲೆ ಎಂಥ ಕೆತ್ತನೆಯಿದೆ, ಮೂಲ ಚರ್ಮದ ಪೆಟ್ಟಿಗೆ ಉಳಿದಿದೆಯೇ, ಮೊದಲು ಕೊಂಡವನು ಯಾವ ಸಂಸ್ಥಾನದವನು ಎಂಬುದನ್ನೆಲ್ಲ ಅಲ್ಲಿ ಪ್ಯಾರಾಗಟ್ಟಲೆ ಬರೆದಿರುತ್ತಾರೆ. ಆ ರೈಫಲ್‌ಗೆ ಹಾಕುವ ತೋಟಾದ ವಿಚಾರ ಬಂದಾಗ ಮಾತ್ರ ಅಂಕಿಗಳ ಒಂದು ಸಾಲು, ಅದರ ಮುಂದೆ ಈ ತೋಟಾ ಈಗ ತಯಾರಾಗುವುದಿಲ್ಲ ಎಂಬ ಸೂಚನೆ, ಅಷ್ಟೆ. ಕೊಂಡವರು ಅದನ್ನು ಒರೆಸಿ, ಎಣ್ಣೆ ಹಚ್ಚಿ, ಗೋಡೆಗೆ ಏರಿಸುತ್ತಾರೆ. ನೂರು ವರ್ಷ ಕಳೆದರೂ ಅದರ ಬೀಗ, ಸ್ಪ್ರಿಂಗು, ಕುದುರೆ ಎಲ್ಲವೂ ಸುಸ್ಥಿತಿಯಲ್ಲಿರುತ್ತವೆ. ಆದರೂ ನನ್ನ ಕಣ್ಣಿಗೆ ಅದು ಅರ್ಧ ಮಾತ್ರ ಉಳಿದ ವಸ್ತು. ಇನ್ನೊಂದು ಅರ್ಧವೇ ತೋಟಾ; ಕೇಸು ಎನ್ನುವ ಹಿತ್ತಾಳೆಯ ಕೋಶ, ಮದ್ದು, ಸೀಸದ ಗುಂಡುಗಳಿಂದ ಆದದ್ದು. ಅದನ್ನು ಯಾರೂ ಗೋಡೆಗೆ ತೂಗುಹಾಕಲಿಲ್ಲವಾದ್ದರಿಂದ ಅದು ಕಳೆದುಹೋಯಿತು.

ಆ ಕಳೆದುಹೋದ ಅರ್ಧವನ್ನು ಕೈಯಾರೆ ಮತ್ತೆ ಮಾಡಿಕೊಳ್ಳುವ ಕೆಲಸದಲ್ಲಿ ನಾನು ಬಹುಕಾಲದಿಂದ ತೊಡಗಿದ್ದೇನೆ. ನಾನು ಬೇಟೆಯಾಡುವವನಲ್ಲ. ಹೊಡೆಯುವುದು ಕಾಗದದ ಗುರಿಗೆ, ಅದೂ ನಾನೀಗ ಇರುವ ಇಂಗ್ಲೆಂಡಿನಲ್ಲಿ, ಪರವಾನಗಿ ಪಡೆದ ಮೈದಾನದಲ್ಲಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ನಮ್ಮಲ್ಲಿ ಶಿಕಾರಿಯ ಯುಗಕ್ಕೆ ತೆರೆ ಎಳೆದದ್ದು ಸರಿಯಾದ ಕೆಲಸವೆಂದೇ ನಂಬಿದ್ದೇನೆ. ಹಾಗಾದರೆ ಈ ರೈಫಲ್‌ಗಳಿಗೆ ಮತ್ತೆ ತೋಟಾ ಏಕೆ ಬೇಕು ಎಂದು ಊರಿನ ಸ್ನೇಹಿತರು ಕೇಳುತ್ತಾರೆ. ಅವರಿಗೆ ಫೋನಿನಲ್ಲಿ ಹೇಳಿ ಮುಗಿಸಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಾನೂನು ಹುಟ್ಟಿಸಿದ ತೋಟಾಗಳು

ಹಳೆಯ ಬ್ರಿಟಿಷ್ ತೋಟಾಗಳ ಹೆಸರುಗಳನ್ನು ಮೊದಲ ಸಲ ನೋಡಿದವರಿಗೆ ತಲೆ ತಿರುಗುತ್ತದೆ. .450, .500/465, .470, .475 ನಂಬರ್ 2, .476. ಅಂಕಿಗಳು ಇಂಚಿನ ಲೆಕ್ಕದ ಅಳತೆಗಳು, ನಡುವಿನ ಅಂತರ ಕೂದಲೆಳೆಯಷ್ಟು. ಒಂದೇ ಆನೆಗೆ, ಒಂದೇ ಕಾಟಿಗೆ ಇಷ್ಟೊಂದು ಬಗೆಯ ಗುಂಡುಗಳು ಯಾಕೆ ಬೇಕಾದವು? ಉತ್ತರ ಪ್ರಾಣಿಗಳಲ್ಲಿ ಇಲ್ಲ, ಭಾರತದ ರಾಜಕೀಯ ಚರಿತ್ರೆಯಲ್ಲಿದೆ. 1898ರಲ್ಲಿ ಲಂಡನ್ನಿನ ರಿಗ್ಬಿ ಸಂಸ್ಥೆ .450 ನೈಟ್ರೋ ಎಕ್ಸ್‌ಪ್ರೆಸ್ ಎಂಬ ತೋಟಾವನ್ನು ತಂದಿತು. 480 ಗ್ರೇನ್ (ಸುಮಾರು 31 ಗ್ರಾಂ) ತೂಕದ ಗುಂಡನ್ನು ಸೆಕೆಂಡಿಗೆ ಸುಮಾರು 2150 ಅಡಿ ವೇಗದಲ್ಲಿ ಎಸೆಯುತ್ತಿದ್ದ ಅದು ದೊಡ್ಡ ಪ್ರಾಣಿಗಳ ಬೇಟೆಯ ಅಳತೆಗೋಲೇ ಆಯಿತು. ಆದರೆ ಸೈನ್ಯ ಬಿಟ್ಟುಕೊಟ್ಟ ಮಾರ್ಟಿನಿ–ಹೆನ್ರಿ ರೈಫಲ್‌ಗಳ ನಳಿಗೆಯೂ .450 ಅಳತೆಯದೇ ಆಗಿತ್ತು. ಅಂಥ ಬಂದೂಕುಗಳು ಭಾರತದಲ್ಲಿ ಸರ್ಕಾರದ ವಿರೋಧಿಗಳ ಕೈ ಸೇರಿ, ಬೇಟೆಯ ಹೆಸರಿನಲ್ಲಿ ಬಂದ ಗುಂಡುಗಳು ಅವುಗಳಿಗೆ ಒದಗಿಬಿಟ್ಟಾವು ಎಂಬ ಭಯದಿಂದ ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಸರ್ಕಾರ ಖಾಸಗಿಯವರಿಗೆ ಆ ಅಳತೆಯನ್ನೇ ನಿಷೇಧಿಸಿತು. ಮಹಾರಾಜರು, ಅಧಿಕಾರಿಗಳು, ಕಾಫಿ–ಚಹಾ ತೋಟದ ದೊರೆಗಳು ತುಂಬಿದ್ದ ಭಾರತದ ಮಾರುಕಟ್ಟೆಯನ್ನು ಕಳೆದುಕೊಳ್ಳಲು ಒಪ್ಪದ ತಯಾರಕರು ನಿಷೇಧದ ಗೆರೆಯ ಸ್ವಲ್ಪ ಆಚೆಗೆ ಹೊಸ ಅಳತೆಗಳನ್ನು ಕಂಡುಕೊಂಡರು. 1907ರಲ್ಲಿ ಹಾಲೆಂಡ್ ಅಂಡ್ ಹಾಲೆಂಡ್ ಸಂಸ್ಥೆ .500ರ ಕೇಸಿನ ಕತ್ತನ್ನು ಕಿರಿದುಮಾಡಿ .465ರ ಗುಂಡು ಹಿಡಿಯುವಂತೆ ಮಾಡಿತು. ತೂಕ ಅದೇ 480 ಗ್ರೇನ್, ವೇಗವೂ ಅದೇ. .500/465 ಎಂಬ ವಿಚಿತ್ರ ಹೆಸರಿನ ಹಿಂದಿರುವುದು ಒಂದು ಸರ್ಕಾರಿ ಆಜ್ಞೆ.

ಇಂಥದ್ದೇ ಇನ್ನೊಂದು ಕಥೆ ನಮ್ಮ ಮಲೆನಾಡು–ಕೊಡಗಿನ ಮನೆಗಳಿಗೆ ಚೆನ್ನಾಗಿ ಗೊತ್ತಿರುವ .315ರದು. ಸೈನ್ಯದ .303 ಖಾಸಗಿಯವರಿಗೆ ಸಿಗುವಂತಿರಲಿಲ್ಲ. ಇಂದಿಗೂ ಅದು ನಿಷಿದ್ಧ ಬೋರ್ ಎಂಬ ವರ್ಗಕ್ಕೇ ಸೇರುತ್ತದೆ. ಅದರ ಬದಲಿಗೆ ಬಂಗಾಳದ ಇಶಾಪುರದ ಕಾರ್ಖಾನೆಯ ರೈಫಲ್‌ಗಳು ಬಳಸಿದ್ದು ಆಸ್ಟ್ರಿಯಾದ ಹಳೆಯ ಮ್ಯಾನ್‌ಲಿಕರ್ ಸೈನಿಕ ರೈಫಲ್ಲಿನ 8 ಮಿಲಿಮೀಟರ್ ತೋಟಾದಿಂದ ಬಂದ ಅಳತೆಯನ್ನು. ಆಸ್ಟ್ರಿಯಾ 1930ರ ದಶಕದಲ್ಲಿ ಅದನ್ನು ಬಿಟ್ಟು ಬೇರೆ ತೋಟಾಕ್ಕೆ ಹೋಯಿತು. ಯುರೋಪಿನ ಸಂಗ್ರಾಹಕನಿಗೆ ಅದು ಅಳಿದುಹೋದ ತೋಟಾ. ನಮ್ಮ ಕಡೆಯ ಪರವಾನಗಿದಾರನಿಗೆ ಪುಣೆಯ ಖಡ್ಕಿಯ ಕಾರ್ಖಾನೆಯ ಮುದ್ರೆಯೊತ್ತಿ ಪೆಟ್ಟಿಗೆಯಲ್ಲಿ ಬರುತ್ತಿದ್ದ ನಿತ್ಯದ ಸಾಮಾನು. ತೋಟಾ ಸಾಯುವುದು ಅದರ ಗುಣದೋಷದಿಂದ ಅಲ್ಲವೆನ್ನುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನನಗೆ ಸಿಕ್ಕಿಲ್ಲ. ಬರ್ಮಿಂಗ್‌ಹ್ಯಾಮ್ ಹತ್ತಿರದ ವಿಟ್ಟನ್ನಿನ ಕೈನಾಕ್ ಕಾರ್ಖಾನೆ ಒಂದು ಕಾಲಕ್ಕೆ ಸಾಮ್ರಾಜ್ಯದ ಬೇಟೆಗಾರರಿಗೆಲ್ಲ ತೋಟಾ ಒದಗಿಸುತ್ತಿತ್ತು. ಸಾಮ್ರಾಜ್ಯ ಕರಗಿ ಗಿರಾಕಿಗಳು ಹೋದ ಮೇಲೆ, 1960ರ ದಶಕದಲ್ಲಿ, ಅದರ ಒಡೆತನ ಹೊಂದಿದ್ದ ಐಸಿಐ ಎಂಬ ರಾಸಾಯನಿಕ ಕಂಪನಿ ದೊಡ್ಡ ರೈಫಲ್ ತೋಟಾಗಳ ತಯಾರಿಕೆಯನ್ನು ನಿಲ್ಲಿಸಿತು. ಆ ಒಂದು ವಾಣಿಜ್ಯ ನಿರ್ಧಾರದಿಂದ ಜಗತ್ತಿನಾದ್ಯಂತ ಸಾವಿರಾರು ರೈಫಲ್‌ಗಳು ಮೂಕವಾದವು.

ಅಟ್ಟದ ಮೇಲಿನ ಕೆಲಸ

ತೋಟಾವನ್ನು ಅಂಗಡಿಯಿಂದ ತಾರದೆ ಮನೆಯಲ್ಲೇ ತುಂಬಬಹುದು ಎಂಬುದನ್ನು ನಾನು ಇಂಗ್ಲೆಂಡಿನಲ್ಲಿ ಕಲಿತದ್ದಲ್ಲ. ಕೊಪ್ಪದ ಕಡೆಯ ನಮ್ಮ ಮನೆಯಲ್ಲಿ ಅಜ್ಜಯ್ಯನಿಗೆ ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಹನ್ನೆರಡು ಬೋರಿನ ಜೋಡುನಳಿಗೆ ಕೋವಿಯಿತ್ತು. ಗದ್ದೆಗೆ ಹಂದಿ ಬೀಳುವ ಕಾಲ ಹತ್ತಿರವಾದಾಗ ಅವರು ಅಟ್ಟದ ಮೇಲೆ ಬೆಳಕಿನ ಕಿಂಡಿಯ ಪಕ್ಕದಲ್ಲಿ ಚಾಪೆ ಹಾಸಿ ಕೂರುತ್ತಿದ್ದರು. ಹಗಲು ಹೊತ್ತಿನಲ್ಲಿ ಮಾತ್ರ. ದೀಪವಾಗಲಿ ಬೀಡಿಯಾಗಲಿ ಆ ದಿನ ಅಟ್ಟ ಹತ್ತುವಂತಿರಲಿಲ್ಲ. ಅವರ ಬಳಿ ಮತ್ತೆ ಮತ್ತೆ ಬಳಸಬಹುದಾದ ಹಿತ್ತಾಳೆಯ ಕೇಸುಗಳಿದ್ದವು. ಮದ್ದಿಗೆ ಕಿಡಿ ಕೊಟ್ಟು ಹಾರಿದ ಕೇಪನ್ನು ಸಣ್ಣ ಉಳಿಯಿಂದ ತಟ್ಟಿ ತೆಗೆಯುವುದು, ಹೊಸ ಕೇಪನ್ನು ಸಮನಾಗಿ ಕೂರಿಸುವುದು, ಅಳತೆಯ ಲೋಟದಲ್ಲಿ ಮದ್ದನ್ನು ತುಂಬಿ ಮೇಲ್ಭಾಗವನ್ನು ಕಡ್ಡಿಯಿಂದ ಸವರಿ ಹೆಚ್ಚಾದದ್ದನ್ನು ಇಳಿಸುವುದು, ಹಳೆಯ ಲಗ್ನಪತ್ರಿಕೆಗಳ ದಪ್ಪ ಕಾಗದದಿಂದ ಕತ್ತರಿಸಿಟ್ಟ ಬಿಲ್ಲೆಗಳನ್ನು ಒಂದರ ಮೇಲೊಂದು ಇಟ್ಟು ಮರದ ಕೋಲಿನಿಂದ ಒತ್ತುವುದು, ಚರೆ ಸುರಿದು ಮೇಲೆ ಮತ್ತೊಂದು ಬಿಲ್ಲೆಯಿಟ್ಟು ಅಂಚಿಗೆ ಜೇನುಮೇಣ ಸವರುವುದು, ಹೀಗೆ ಸಾಗುತ್ತಿತ್ತು ಕೆಲಸ. ಒಂದು ತೋಟಾ ಪೂರ್ತಿ ಮುಗಿದು ಪಕ್ಕಕ್ಕೆ ಹೋಗುವವರೆಗೂ ಅವರು ಯಾರೊಡನೆಯೂ ಮಾತನಾಡುತ್ತಿರಲಿಲ್ಲ. ಕೆಳಗಿನಿಂದ ಅಜ್ಜಿ ಊಟಕ್ಕೆ ಕರೆದರೂ ಉತ್ತರವಿಲ್ಲ.

ಮಕ್ಕಳಾದ ನಮಗೆ ಏಣಿಯ ಮೇಲಿನ ಮೆಟ್ಟಿಲಿನವರೆಗೆ ಬರಲು ಅನುಮತಿಯಿತ್ತು, ಚಾಪೆ ಮುಟ್ಟಲು ಇರಲಿಲ್ಲ. ನನ್ನ ಮನಸ್ಸಿನಲ್ಲಿ ಉಳಿದಿರುವುದು ಅವರ ಒಂದು ನಿಯಮ. ಬೇರೆಯವರು ತುಂಬಿದ ತೋಟಾವನ್ನು ಅವರು ತಮ್ಮ ಕೋವಿಗೆ ಹಾಕುತ್ತಿರಲಿಲ್ಲ, ತಾವು ತುಂಬಿದ್ದನ್ನು ಬೇರೆಯವರ ಕೈಗೆ ಕೊಡುತ್ತಲೂ ಇರಲಿಲ್ಲ. ನೆಂಟರೊಬ್ಬರು ಒಮ್ಮೆ ಬಹಳ ಒತ್ತಾಯ ಮಾಡಿದಾಗ, "ನಿಮ್ಮ ನಳಿಗೆ ನಾನು ನೋಡಿಲ್ಲ ಮಾರಾಯರೆ" ಎಂದಷ್ಟೇ ಹೇಳಿ ಡಬ್ಬಿ ಮುಚ್ಚಿದರು. ನೆಂಟರಿಗೆ ಸಿಟ್ಟು ಬಂದಿತ್ತು. ಇಷ್ಟು ವರ್ಷಗಳ ನಂತರ, ತೋಟಾ ತುಂಬುವುದರ ಬಗ್ಗೆ ಇಂಗ್ಲಿಷಿನಲ್ಲಿ ಬಂದ ದಪ್ಪ ಕೈಪಿಡಿಗಳನ್ನೆಲ್ಲ ಓದಿಕೊಂಡ ಮೇಲೂ, ಅವುಗಳ ಮೊದಲ ಪುಟದ ಎಚ್ಚರಿಕೆಗಳಲ್ಲಿ ಅಜ್ಜಯ್ಯನ ಆ ಮಾತಿಗಿಂತ ಹೆಚ್ಚಿನದೇನೂ ನನಗೆ ಕಂಡಿಲ್ಲ. ಇದೇ ಕಾರಣಕ್ಕೆ ಈ ಬರಹದಲ್ಲಿ ನಾನು ಬಳಸುವ ಮದ್ದಿನ ಹೆಸರನ್ನಾಗಲಿ ತೂಕವನ್ನಾಗಲಿ ಕೊಡುವುದಿಲ್ಲ. ಅವು ಒಂದು ನಳಿಗೆಗೆ ಸಂಬಂಧಿಸಿದ ಅಂಕಿಗಳು. ಇನ್ನೊಂದಕ್ಕೆ ಅವೇ ಅಪಾಯವಾಗಬಲ್ಲವು.

ಹೆಸರೊಂದು, ಅಳತೆಯೊಂದು

ನನ್ನಲ್ಲಿರುವುದು .318 ವೆಸ್ಟ್ಲಿ ರಿಚರ್ಡ್ಸ್ ತೋಟಾದ ರೈಫಲ್. 1910ರಲ್ಲಿ ಬಂದ ಈ ತೋಟಾ ಆಫ್ರಿಕಾದಲ್ಲಿ ಬಹಳ ಹೆಸರು ಮಾಡಿತು, ಭಾರತದಲ್ಲಿಯೂ ಸಾಕಷ್ಟು ಓಡಾಡಿತು. ನನ್ನದರ ನಳಿಗೆಯ ಮೇಲೆ ಕಲ್ಕತ್ತೆಯ ಬಂದೂಕು ವ್ಯಾಪಾರಿಯೊಬ್ಬರ ಹೆಸರಿದೆ. ಅದನ್ನು ಕೊಳ್ಳಲು ಆ ಒಂದು ಗೆರೆಯೇ ಕಾರಣ. ಇದರ 250 ಗ್ರೇನ್ ಗುಂಡು ಸೆಕೆಂಡಿಗೆ 2400 ಅಡಿ ವೇಗದಲ್ಲಿ ಹೊರಡುವಂತೆ ತಯಾರಕರು ನಿಗದಿ ಮಾಡಿದ್ದರು.

ಹೊಸಬರಿಗೆ ಮೊದಲ ಗಂಡಾಂತರ ಹೆಸರಿನಲ್ಲೇ ಇದೆ. .318 ಎಂಬುದು ನಳಿಗೆಯೊಳಗೆ ಸುರುಳಿಯಾಗಿ ಉಬ್ಬಿನಿಂತ ಏಣುಗಳ ನಡುವಿನ ಅಂತರ. ಗುಂಡಿನ ನಿಜವಾದ ವ್ಯಾಸ .330 ಇಂಚು. ಅಂಗಡಿಗಳಲ್ಲಿ .318 ಎಂಬ ಚೀಟಿ ಹಚ್ಚಿ ಮಾರುವ ಗುಂಡುಗಳು ಹಳೆಯ ಜರ್ಮನ್ 8 ಮಿಲಿಮೀಟರ್ ರೈಫಲ್‌ಗಳವು, ನನ್ನ ರೈಫಲ್‌ಗೆ ಅವು ಸಡಿಲ. ಸರಿಯಾದ .330ರ ಗುಂಡುಗಳನ್ನು ತಯಾರಿಸುವವರು ಬಹಳ ವಿರಳ. ಈ ಹವ್ಯಾಸವನ್ನು ಬದುಕಿಸಿಟ್ಟವರಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಸಣ್ಣ ತಯಾರಕರನ್ನು ನೆನೆಯಲೇಬೇಕು; ಅಲ್ಲಿನ ವುಡ್‌ಲೀ ಗುಂಡುಗಳು, ಬರ್ಟ್ರಮ್ ಕೇಸುಗಳು ಇರದಿದ್ದರೆ ನನ್ನಂಥವರಲ್ಲಿ ಅನೇಕರು ಆರಂಭವನ್ನೇ ಮಾಡುತ್ತಿರಲಿಲ್ಲ. ಇಂಗ್ಲೆಂಡಿನ ಸಫಕ್‌ನಲ್ಲಿ ಕೈನಾಮ್ಕೋ ಎಂಬ ಸಂಸ್ಥೆ 1990ರ ದಶಕದಲ್ಲಿ ಕೈನಾಕ್ ಹೆಸರಿನಲ್ಲಿಯೇ ಹಳೆಯ ತೋಟಾಗಳನ್ನು ಮತ್ತೆ ತಯಾರಿಸತೊಡಗಿದ್ದು ಸಹ ಇಂಥದ್ದೇ ನಿಷ್ಠೆಯ ಕೆಲಸ. ಆದರೆ ಅವುಗಳ ಬೆಲೆ ಹೆಚ್ಚು. ಆದ್ದರಿಂದ ನಾನು ಇಂದಿಗೂ ಧಾರಾಳವಾಗಿ ಸಿಗುವ .30-06 ಎಂಬ ಅಮೆರಿಕದ ರೈಫಲ್ ತೋಟಾದ ಕೇಸುಗಳನ್ನೇ ತಿದ್ದಿಕೊಳ್ಳುತ್ತೇನೆ. ಎರಡರ ಬುಡದ ಅಳತೆ ಬಹುಮಟ್ಟಿಗೆ ಹೊಂದುತ್ತದೆ. ಕತ್ತನ್ನು ಹಂತಹಂತವಾಗಿ ಅಗಲಿಸಿ, ಡೈ ಎಂಬ ಅಚ್ಚಿನೊಳಗೆ ಒತ್ತಿ ಕತ್ತಿನ ಕೆಳಗಿನ ಹೆಗಲನ್ನು ಸರಿಯಾದ ಜಾಗಕ್ಕೆ ತಂದು, ಹೆಚ್ಚುವರಿ ಉದ್ದವನ್ನು ಕತ್ತರಿಸಿ ಅಂಚು ತೀಡಬೇಕು. ಆಮೇಲೆ ಮೊದಲ ಈಡು ಹಾರಿದಾಗ ಹಿತ್ತಾಳೆ ಉಬ್ಬಿ, ನಳಿಗೆಯ ಬುಡದಲ್ಲಿ ತೋಟಾ ಕೂರುವ ಚೇಂಬರಿನ ನಿಖರ ಆಕಾರವನ್ನು ಪಡೆಯುತ್ತದೆ. ಅಲ್ಲಿಂದ ಮುಂದೆ ಆ ಕೇಸು ಆ ರೈಫಲ್‌ಗೇ ಸೇರಿದ್ದು. ಬುಡದ ಮೇಲೆ .30-06 ಎಂಬ ಮುದ್ರೆ ಹಾಗೆಯೇ ಉಳಿಯುವುದರಿಂದ, ಪರರ ಕೈಗೆ ಸಿಕ್ಕಿ ಅನಾಹುತವಾಗದಂತೆ ಅವುಗಳನ್ನು ಬೇರೆ ಬಣ್ಣದ ಪೆಟ್ಟಿಗೆಯಲ್ಲಿ ಬೀಗ ಹಾಕಿ ಇಡುತ್ತೇನೆ. ಇಲ್ಲಿಯ, ಅಂದರೆ ಇಂಗ್ಲೆಂಡಿನ, ಕಾನೂನಿನಂತೆ ಕೇಪು ಕೊಳ್ಳಲು ಸಹ ಬಂದೂಕು ಇಟ್ಟುಕೊಳ್ಳುವ ಪ್ರಮಾಣಪತ್ರ ತೋರಿಸಬೇಕು, ಎಷ್ಟು ತೋಟಾ ಇಟ್ಟುಕೊಳ್ಳಬಹುದೆಂಬ ಮಿತಿಯನ್ನು ಅದರಲ್ಲೇ ನಮೂದಿಸಿರುತ್ತಾರೆ.

ಕಾನೂನಿನ ವಿಷಯ ಬಂದದ್ದರಿಂದ ಇನ್ನೊಂದು ಮಾತು. 1939ರ ಸೆಪ್ಟೆಂಬರ್ 1ಕ್ಕಿಂತ ಮುಂಚೆ ತಯಾರಾದ, ಸರ್ಕಾರದ ಪಟ್ಟಿಯಲ್ಲಿರುವ ಬಳಕೆ ತಪ್ಪಿದ ಅಳತೆಯ ಬಂದೂಕನ್ನು ಇಲ್ಲಿ ಪ್ರಾಚೀನ ವಸ್ತುವೆಂದು ಪ್ರಮಾಣಪತ್ರವಿಲ್ಲದೆ ಇಟ್ಟುಕೊಳ್ಳಬಹುದು. ಮಾರ್ಟಿನಿ–ಹೆನ್ರಿಯ .577/450 ಆ ಪಟ್ಟಿಯಲ್ಲಿದೆ. ಅದನ್ನು ಹಾರಿಸಬೇಕೆಂದು ಹೊರಟರೆ ಮಾತ್ರ ಅದೇ ವಸ್ತು ಮತ್ತೆ ಬಂದೂಕಾಗುತ್ತದೆ, ಪ್ರಮಾಣಪತ್ರ ಬೇಕಾಗುತ್ತದೆ. ಅಪರಾಧಿಗಳು ಹಳೆಯ ರಿವಾಲ್ವರುಗಳಿಗೆ ಕೈಯಾರೆ ತೋಟಾ ಮಾಡಿಕೊಳ್ಳುತ್ತಿದ್ದುದು ಕಂಡುಬಂದಾಗ 2021ರಲ್ಲಿ ಏಳು ಅಳತೆಗಳನ್ನು ಪಟ್ಟಿಯಿಂದ ತೆಗೆದುಹಾಕಿದರು. ಸಂಗ್ರಾಹಕರಲ್ಲಿ ಕೆಲವರಿಗೆ ಇದು ಬೇಸರ ತಂದಿತು. ನನಗೆ ಅದು ನ್ಯಾಯವೆಂದೇ ತೋರುತ್ತದೆ. ಬಂದೂಕಿಗೆ ಜೀವ ಕೊಡುವುದು ತೋಟಾ ಎಂಬುದನ್ನು ಹರಾಜಿನ ಪಟ್ಟಿ ಬರೆಯುವವರಿಗಿಂತ ಶಾಸನ ಬರೆದವರು ಚೆನ್ನಾಗಿ ಅರಿತಿದ್ದಾರೆ.

ಎರಡು ನಳಿಗೆ, ಒಂದು ವೇಗ

ಈ ಕೆಲಸದ ಪೂರ್ಣ ಅರ್ಥ ನನಗೆ ತಿಳಿದದ್ದು ಸರ್ರಿಯ ಬಿಸ್ಲಿ ಮೈದಾನದಲ್ಲಿ, ಒಂದು ಚಳಿಯ ಬೆಳಗ್ಗೆ. ನಮ್ಮ ಕ್ಲಬ್ಬಿನ ಹಿರಿಯರೊಬ್ಬರ ಬಳಿ ಭಾರತದ ಸಂಸ್ಥಾನವೊಂದಕ್ಕೆಂದು ತಯಾರಾದ .500/465 ಜೋಡುನಳಿಗೆ ರೈಫಲ್ ಇತ್ತು. ಜೋಡುನಳಿಗೆ ರೈಫಲ್ಲಿನ ಕಷ್ಟವನ್ನು ಸ್ವಲ್ಪ ವಿವರಿಸಬೇಕು. ಬಲ ನಳಿಗೆ ಹಾರಿದಾಗ, ಗುಂಡು ಇನ್ನೂ ಒಳಗಿರುವಾಗಲೇ ಇಡೀ ರೈಫಲ್ ಹಿಂದಕ್ಕೆ, ಮೇಲಕ್ಕೆ, ತುಸು ಬಲಕ್ಕೆ ಜರುಗುತ್ತದೆ. ಎಡದ್ದು ಹಾರಿದಾಗ ಎಡಕ್ಕೆ. ಈ ಜರುಗುವಿಕೆಯನ್ನು ಲೆಕ್ಕಕ್ಕೆ ಹಿಡಿದು ತಯಾರಕರು ಎರಡೂ ನಳಿಗೆಗಳನ್ನು ಮುಂತುದಿಯಲ್ಲಿ ಒಂದಿಷ್ಟು ಒಳಮುಖವಾಗಿ ಬೆಸುಗೆ ಹಾಕುತ್ತಿದ್ದರು. ಹಾರಿಸಿ ನೋಡಿ, ಬೆಸುಗೆ ಕರಗಿಸಿ, ನಡುವಿನ ಬೆಣೆಯನ್ನು ಕೊಂಚ ಸರಿಸಿ, ಮತ್ತೆ ಹಾರಿಸಿ, ಎರಡು ನಳಿಗೆಯ ಗುಂಡುಗಳೂ ಒಂದೇ ಕಡೆ ಬೀಳುವವರೆಗೆ ಆ ಕೆಲಸ ನಡೆಯುತ್ತಿತ್ತು. ಹಾಗೆ ಹೊಂದಿಸಿದ್ದು ಒಂದೇ ಒಂದು ತೋಟಾಕ್ಕೆ, ಒಂದೇ ವೇಗಕ್ಕೆ. ನಿಧಾನವಾದ ಗುಂಡು ನಳಿಗೆಯಲ್ಲಿ ಹೆಚ್ಚು ಹೊತ್ತು ಇರುವುದರಿಂದ ಎರಡು ಕಡೆಯ ಈಡುಗಳು ಹೊರಮುಖವಾಗಿ ಬೇರೆಯಾಗುತ್ತವೆ, ವೇಗ ಮಿತಿಮೀರಿದರೆ ಒಂದನ್ನೊಂದು ದಾಟಿಹೋಗುತ್ತವೆ.

ಆ ಹಿರಿಯರು ಚಳಿಗಾಲವಿಡೀ ಆ ರೈಫಲ್‌ಗೆ ತೋಟಾ ಹೊಂದಿಸುತ್ತಿದ್ದರು. ನನ್ನ ಕೆಲಸ ದೂರದರ್ಶಕದಲ್ಲಿ ಗುರಿಯನ್ನು ನೋಡಿ ಹೇಳುವುದು, ವೇಗಮಾಪಕದ ಅಂಕಿಗಳನ್ನು ಬರೆದುಕೊಳ್ಳುವುದು. ಆ ದಿನ ಮೊದಲು ಹಾರಿಸಿದ ಜೊತೆಯಲ್ಲಿ ಬಲದ್ದು ಬಲಕ್ಕೆ, ಎಡದ್ದು ಎಡಕ್ಕೆ ಬಿದ್ದು ನಡುವೆ ಒಂದು ಗೇಣಿನಷ್ಟು ಅಂತರವಿತ್ತು. ವೇಗ ಕಡಿಮೆಯಾಗಿದೆ ಎಂದು ಮಾಪಕ ನೋಡುವ ಮೊದಲೇ ಅವರು ಹೇಳಿದರು. ಮುಂದಿನ ಡಬ್ಬಿಯ ತೋಟಾಗಳಲ್ಲಿ ಮದ್ದು ತುಸು ಹೆಚ್ಚಿತ್ತು. ಅಂತರ ನಾಲ್ಕು ಬೆರಳಿಗೆ ಇಳಿಯಿತು. ನಳಿಗೆಯ ಅಡಿಭಾಗದಲ್ಲಿ ಬಂದೂಕುಗಳ ಪರೀಕ್ಷಾ ಮಂದಿರದವರು ಒತ್ತಿದ ಗುರುತು ಇನ್ನೂ ಓದುವಂತಿತ್ತು: 73 ಗ್ರೇನ್ ಕಾರ್ಡೈಟ್, 480 ಗ್ರೇನ್ ಗುಂಡು. ಕಾರ್ಡೈಟ್ ಎಂಬ ಆ ಹಳೆಯ ಮದ್ದು ಇಂದು ಇಲ್ಲ, ಹೊಸ ಮದ್ದಿನ ಗುಣವೇ ಬೇರೆ, ತೂಕವನ್ನು ನೇರವಾಗಿ ಬದಲಾಯಿಸಿ ಹಾಕುವಂತಿಲ್ಲ. ಆದರೆ ಅಂದಿನ ತೋಟಾ ಕೊಡುತ್ತಿದ್ದ ವೇಗ ಗೊತ್ತಿದೆ, ಅದೇ 2150 ಅಡಿ. ಮೂರನೆಯ ಡಬ್ಬಿಯ ತೋಟಾಗಳು ಆ ವೇಗದ ತೀರಾ ಸಮೀಪಕ್ಕೆ ಬಂದಾಗ ಎರಡು ನಳಿಗೆಯ ರಂಧ್ರಗಳು ಕಾಗದದ ಮೇಲೆ ಒಂದಕ್ಕೊಂದು ತಾಗಿದ್ದವು. ಸುಮಾರು ನೂರು ವರ್ಷದ ಹಿಂದೆ ಆ ನಳಿಗೆಗಳನ್ನು ಬೆಸೆದ ಕುಶಲಕರ್ಮಿಯ ಹೆಸರು ನಮಗೆ ಗೊತ್ತಿಲ್ಲ. ಅವನ ಕೈ ಯಾವ ಬಿಂದುವಿನಲ್ಲಿ ಕೆಲಸ ನಿಲ್ಲಿಸಿತ್ತೆಂಬುದು ಆ ಬೆಳಗ್ಗೆ ನಮಗೆ ಗೊತ್ತಾಯಿತು. ಗೋಡೆಯ ಮೇಲಿದ್ದಷ್ಟು ಕಾಲ ಆ ರೈಫಲ್ ಈ ವಿಷಯವನ್ನು ಯಾರಿಗೂ ಹೇಳಲು ಸಾಧ್ಯವಿರಲಿಲ್ಲ. ಸ್ನೇಹಿತರ ಪ್ರಶ್ನೆಗೆ ನನ್ನ ಉತ್ತರ ಇದು.

ನಮ್ಮ ಮಳೆ, ನಮ್ಮ ಬಿಸಿಲು

ಕಾರ್ಡೈಟ್ ತುಂಬಿದ ಹಳೆಯ ತೋಟಾವನ್ನು ಬಿಚ್ಚಿದವರಿಗೆ ಒಳಗೆ ಕಾಣುವುದು ಪುಡಿಯಲ್ಲ, ಒಣ ಶಾವಿಗೆಯಂಥ ಕಡ್ಡಿಗಳ ಕಟ್ಟು. ಏಬಲ್ ಮತ್ತು ಡ್ಯೂವರ್ ಎಂಬ ರಸಾಯನಶಾಸ್ತ್ರಜ್ಞರು 1889ರಲ್ಲಿ ರೂಪಿಸಿದ ಈ ಮದ್ದಿನಲ್ಲಿ ಮೊದಲು ಶೇಕಡ 58ರಷ್ಟು ನೈಟ್ರೋಗ್ಲಿಸರಿನ್ ಇತ್ತು. ಅದರ ಉರಿಗೆ ನಳಿಗೆ ಬೇಗ ಸವೆಯುತ್ತಿದ್ದುದರಿಂದ ಮುಂದೆ ಆ ಪ್ರಮಾಣವನ್ನು ಶೇಕಡ 30ಕ್ಕೆ ಇಳಿಸಿದರು. ನಮ್ಮ ನೆರೆಯ ನೀಲಗಿರಿಯ ಅರುವಂಕಾಡಿನ ಕಾರ್ಖಾನೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸ್ಥಾಪನೆಯಾದದ್ದು ಇದೇ ಕಾರ್ಡೈಟ್ ಮಾಡಲು. ಊರಿನವರ ಬಾಯಲ್ಲಿ ಅದು ಇಂದಿಗೂ ಕಾರ್ಡೈಟ್ ಫ್ಯಾಕ್ಟರಿ. ಮೈಸೂರಿನಿಂದ ಊಟಿಗೆ ಹೋಗುವವರು ಕೂನೂರಿನ ಕಡೆಗೆ ಇಳಿದರೆ ಅದನ್ನು ಹಾದೇ ಹೋಗುತ್ತಾರೆ. ಕಾರ್ಡೈಟ್ ಸೆಕೆಗೆ ಬಹಳ ಸ್ಪಂದಿಸುತ್ತದೆ. ಸ್ಕಾಟ್ಲೆಂಡಿನ ಚಳಿಯಲ್ಲಿ ಸಾಧುವಾಗಿದ್ದ ತೋಟಾ ಮಧ್ಯಭಾರತದ ಮೇ ತಿಂಗಳ ಬಿಸಿಲಲ್ಲಿ ಒತ್ತಡ ಏರಿಸಿಕೊಂಡು, ಖಾಲಿ ಕೇಸು ಚೇಂಬರಿಗೆ ಕಚ್ಚಿಕೊಳ್ಳುವಂತೆ ಮಾಡುತ್ತಿತ್ತು. ಗಾಯಗೊಂಡ ಹುಲಿಯ ಮುಂದೆ ಅದಕ್ಕಿಂತ ಕೆಟ್ಟದ್ದು ಇನ್ನೇನಿದೆ? ಹಾಗಾಗಿ ಉಷ್ಣದೇಶಗಳಿಗೆಂದೇ ಮದ್ದು ಕಡಿಮೆ ಮಾಡಿದ ಟ್ರಾಪಿಕಲ್ ತೋಟಾಗಳು ಬಂದವು.

ಹಿತ್ತಾಳೆಯ ವಿಜ್ಞಾನಕ್ಕೂ ನಮ್ಮ ಮಳೆಗಾಲ ಒಂದು ಅಧ್ಯಾಯ ಸೇರಿಸಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಭಾರತದ ಬ್ರಿಟಿಷ್ ಸೈನ್ಯ ಮಳೆಗಾಲದಲ್ಲಿ ತೋಟಾಗಳನ್ನು ಕುದುರೆ ಲಾಯಗಳಲ್ಲಿ ಕೂಡಿಡುತ್ತಿತ್ತು. ಮಳೆ ಮುಗಿದು ತೆಗೆದರೆ ಯಾವ ಪೆಟ್ಟೂ ಬೀಳದ ಕೇಸುಗಳು ತಾವೇ ಬಿರುಕು ಬಿಟ್ಟಿರುತ್ತಿದ್ದವು. 1921ರಲ್ಲಿ ಮೂರ್, ಬೆಕಿನ್‌ಸೇಲ್, ಮ್ಯಾಲಿನ್ಸನ್ ಎಂಬ ಮೂವರು ಇದರ ಕಾರಣವನ್ನು ಬಿಡಿಸಿ ಹೇಳಿದರು: ಕುದುರೆ ಗಂಜಲದ ಅಮೋನಿಯಾ, ಗಾಳಿಯ ತೇವ, ಕೇಸನ್ನು ಎಳೆದು ರೂಪಿಸುವಾಗ ಹಿತ್ತಾಳೆಯೊಳಗೆ ಉಳಿದುಬಿಟ್ಟ ಬಿಗಿತ. ಹದವಾಗಿ ಕಾಯಿಸಿ ಆ ಬಿಗಿತವನ್ನು ತೆಗೆದರೆ ಬಿರುಕು ಬರುವುದಿಲ್ಲ. ನಾನು .30-06ರ ಕತ್ತನ್ನು ಅಗಲಿಸಿದ ಮೇಲೆ ಜ್ವಾಲೆಗೆ ಹಿಡಿದು ಮೃದುಮಾಡುವಾಗ, ಬುಡಕ್ಕೆ ಶಾಖ ತಾಗದಂತೆ ನೀರಿನಲ್ಲಿ ನಿಲ್ಲಿಸುವಾಗ, ಎದುರಿಸುತ್ತಿರುವುದು ಹಿತ್ತಾಳೆಯೊಳಗಿನ ಅದೇ ಬಿಗಿತವನ್ನು. ಇನ್ನು ಹಳೆಯ ಕೇಪುಗಳ ಉಪದ್ರವ ಬೇರೆ. ಅವು ಬಿಟ್ಟುಹೋಗುವ ಉಪ್ಪು ತೇವ ಹೀರಿಕೊಂಡು ನಳಿಗೆಗೆ ತುಕ್ಕು ಹಿಡಿಸುತ್ತದೆ, ಎಣ್ಣೆಯಿಂದ ಅದು ಹೋಗದು, ಕುದಿನೀರಿನಿಂದ ತೊಳೆಯಬೇಕು. ಮಲೆನಾಡಿನ ಆಷಾಢದಲ್ಲಿ ಒಂದು ರಾತ್ರಿ ಮರೆತರೂ ನಳಿಗೆ ಹೋಯಿತೆಂದೇ ಅರ್ಥ.

ಊರಿನ ಮನೆಗಳಿಗೆ ಒಂದು ಕೋರಿಕೆ

ಭಾರತದಲ್ಲಿ ಇರುವ ನನ್ನ ಓದುಗರು ಈ ಕೆಲಸಕ್ಕೆ ಕೈಹಾಕುವಂತಿಲ್ಲ, ಹಾಕಲೂಬಾರದು. 1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ತೋಟಾ ತಯಾರಿಕೆಗೆ ಪ್ರತ್ಯೇಕ ಪರವಾನಗಿ ಬೇಕು, ಕೋವಿ ಇಟ್ಟುಕೊಳ್ಳುವ ಪರವಾನಗಿ ಅದಕ್ಕೆ ಸಾಲದು. ಆದರೆ ರೈಫಲ್ಲಿನ ಇನ್ನೊಂದು ಅರ್ಧವನ್ನು ಕಾಗದದ ಮೇಲಾದರೂ ಉಳಿಸಬಹುದು, ಅದಕ್ಕೆ ಕಾಲ ಮೀರುತ್ತಿದೆ. 2019ರ ತಿದ್ದುಪಡಿ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆಯನ್ನು ಮೂರರಿಂದ ಎರಡಕ್ಕೆ ಇಳಿಸಿತು. ತಲೆಮಾರುಗಳಿಂದ ಬಂದ, ತೋಟಾ ಸಿಗದ ರೈಫಲ್ಲೇ ಇಂಥ ಸಂದರ್ಭದಲ್ಲಿ ಮೊದಲು ಮನೆ ಬಿಡುವುದು ಸಹಜ. ಕೈಲ್ ಮುಹೂರ್ತದ ಹಬ್ಬದಂದು ಕೋವಿಗೆ ತೋಕ್‌ಪೂ ಎಂಬ ಹೂ ಮುಡಿಸುವ ಕೊಡಗಿನ ಮನೆಗಳಲ್ಲಿ, ಆಯುಧಪೂಜೆಗೆ ಕುಂಕುಮ ಹಚ್ಚುವ ಮಲೆನಾಡಿನ ಮನೆಗಳಲ್ಲಿ ಇಂಥವು ಇನ್ನೂ ಇವೆ.

ಅಂಥ ರೈಫಲ್ಲನ್ನು ಒಪ್ಪಿಸುವ ಮೊದಲು ದಯವಿಟ್ಟು ಪರವಾನಗಿ ಇರುವ ಬಂದೂಕು ದುರಸ್ತಿಗಾರರಿಂದ ನಳಿಗೆ ಬಿಚ್ಚಿಸಿ, ಅಡಿಭಾಗದ ಗುರುತುಗಳ ಫೋಟೋ ತೆಗೆದಿಟ್ಟುಕೊಳ್ಳಿ. ತಯಾರಕರ ಹೆಸರು, ವ್ಯಾಪಾರಿಯ ಹೆಸರು, ಕ್ರಮಸಂಖ್ಯೆ, ಮದ್ದು ಮತ್ತು ಗುಂಡಿನ ತೂಕದ ಅಂಕಿಗಳು, ಎಲ್ಲವೂ ಬೇಕು. ಹಳೆಯ ತೋಟಾ ಸಿಕ್ಕರೆ ಬುಡದ ಮುದ್ರೆಯನ್ನು ಬರೆದುಕೊಂಡು ಅದನ್ನು ಠಾಣೆಗೆ ಒಪ್ಪಿಸಿ. ಹಾರಿಸುವ, ಬಿಚ್ಚುವ ಯೋಚನೆ ಖಂಡಿತ ಬೇಡ. ಇಂಗ್ಲೆಂಡಿನ ಕೆಲವು ಹಳೆಯ ತಯಾರಕರ ಬಳಿ ಮಾರಾಟದ ಲೆಕ್ಕದ ಪುಸ್ತಕಗಳು ಉಳಿದಿವೆ, ಕ್ರಮಸಂಖ್ಯೆ ಕೊಟ್ಟರೆ ಹುಡುಕಿ ಹೇಳುತ್ತಾರೆ. ನನ್ನ ರೈಫಲ್ಲಿನ ಜಾಡು ಕಲ್ಕತ್ತೆಯ ವ್ಯಾಪಾರಿಯವರೆಗೆ ಹೋಗಿ ಅಲ್ಲಿಗೆ ನಿಂತಿದೆ.

ಎಲ್ಲಕ್ಕಿಂತ ಹೆಚ್ಚಾಗಿ ಹಳೆಯ ಲೈಸೆನ್ಸ್ ಪುಸ್ತಕಗಳನ್ನು ಎಸೆಯಬೇಡಿ. ಅವುಗಳ ಹಿಂದಿನ ಪುಟಗಳಲ್ಲಿ ಯಾವ ದಿನ, ಯಾವ ಅಂಗಡಿಯಲ್ಲಿ, ಯಾವ ಅಳತೆಯ ಎಷ್ಟು ತೋಟಾ ಕೊಂಡರು ಎಂಬುದನ್ನು ವ್ಯಾಪಾರಿಯ ಮೊಹರಿನೊಡನೆ ನಮೂದಿಸಿರುತ್ತಾರೆ. ಒಂದು ತೋಟಾ ನಮ್ಮ ಸೀಮೆಯ ಅಂಗಡಿಗಳಿಂದ ಯಾವ ವರ್ಷ ಮರೆಯಾಯಿತೆಂದು ತಿಳಿಯಲು ಅದಕ್ಕಿಂತ ಒಳ್ಳೆಯ ದಾಖಲೆ ನನಗೆ ಕಂಡಿಲ್ಲ. ಚಿಕ್ಕಮಗಳೂರು, ಶಿವಮೊಗ್ಗ, ಹಾಸನ, ಕೊಡಗು ಜಿಲ್ಲೆಗಳ ಅಂಥ ಪುಟಗಳ ಪ್ರತಿಗಳನ್ನು ನಾನು ಕೂಡಿಸತೊಡಗಿದ್ದೇನೆ. ಹೆಸರು ವಿಳಾಸಗಳನ್ನು ಮರೆಮಾಡಿ ಕಳಿಸಿದರೆ ಸಾಕು. ನನಗೆ ಬೇಕಾಗಿರುವುದು ದಿನಾಂಕ, ಅಳತೆ, ಅಂಗಡಿಯ ಮೊಹರು, ಈ ಮೂರೇ.